ಫಂಕ್ಷನ್ ತಪ್ಪಾಗಿ ಕರೆದರೆ ಯಾವ ಭಾಷೆ ಎಲ್ಲಿ ತಡೆಯುತ್ತದೆ?

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯೊಂದಕ್ಕೆ ಲೆಕ್ಕದ ತಂತ್ರಾಂಶ ಬರೆಯಬೇಕಿತ್ತು. ಪ್ರೋಗ್ರಾಮಿಂಗ್ ಭಾಷೆ ಆರಿಸಲು ನಾನು ಇಟ್ಟುಕೊಂಡ ಪರೀಕ್ಷೆ ಒಂದೇ: ಫಂಕ್ಷನ್ ಅನ್ನು, ಅಂದರೆ ಕೊಟ್ಟ ಮಾಹಿತಿಯಿಂದ ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕನ್ನು, ಬೇಕೆಂದೇ ತಪ್ಪಾಗಿ ಕರೆಯುವುದು, ಯಾರು ಯಾವಾಗ ತಡೆಯುತ್ತಾರೆ ಎಂದು ನೋಡುವುದು. ರೈತನ ಕೈಗೆ ಹೋಗುವ ಲೆಕ್ಕಪಟ್ಟಿಯಲ್ಲಿ ತಪ್ಪು ಮೊತ್ತ ಬಂದರೆ ಅದು ಅವನ ದುಡಿಮೆಯ ಹಣ. ಹಾಗಾಗಿ ಈ ವಿಷಯದಲ್ಲಿ ನಾನು ಕಟ್ಟುನಿಟ್ಟಿನ ಪಕ್ಷಪಾತಿ.

ಫಂಕ್ಷನ್ ಸರಳ. ಒಟ್ಟು ತೂಕ ಮತ್ತು ಚೀಲಗಳ ಸಂಖ್ಯೆ ಕೊಟ್ಟರೆ ಚೀಲಕ್ಕೆ ಒಂದು ಕಿಲೋ ಕಳೆದು ನಿವ್ವಳ ತೂಕ ಹೇಳುತ್ತದೆ. 5250 ಕಿಲೋ, 100 ಚೀಲಕ್ಕೆ ಉತ್ತರ 5150.

ಜಾವಾಸ್ಕ್ರಿಪ್ಟ್‌ನಲ್ಲಿ ಚೀಲಗಳ ಸಂಖ್ಯೆ ಬಿಟ್ಟು ಕರೆದೆ. ಎಚ್ಚರಿಕೆಯ ಒಂದು ಸೊಲ್ಲೂ ಇಲ್ಲ, ಉತ್ತರ ಮಾತ್ರ ‘ನ್ಯಾನ್’, ಅಂದರೆ ಸಂಖ್ಯೆಯೇ ಅಲ್ಲ. ಹೆಚ್ಚುವರಿ ಆರ್ಗ್ಯುಮೆಂಟ್, ಅಂದರೆ ಫಂಕ್ಷನ್‌ಗೆ ಒದಗಿಸುವ ಮಾಹಿತಿ, ಕೊಟ್ಟರೆ ಅದನ್ನು ಸುಮ್ಮನೆ ಬದಿಗೊತ್ತಿತು. ಇದಕ್ಕಿಂತ ಅಪಾಯಕಾರಿ ಕೂಡುವ ಲೆಕ್ಕ. ಫಾರ್ಮಿನಲ್ಲಿ ತುಂಬಿದ ತೂಕ ಪಠ್ಯವಾಗಿ ಬರುತ್ತದೆ. 5250 ಮತ್ತು 4800 ಕೂಡಿಸಿದರೆ 52504800. ಕಳೆದರೆ ಮಾತ್ರ ಸರಿಯಾಗಿ 450! ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಕೊಡುವ ಈ ಸಡಿಲತೆ ನನಗೆ ಒಪ್ಪಿಗೆಯಿಲ್ಲ.

ಪೈಥಾನ್ ಆರ್ಗ್ಯುಮೆಂಟ್ ಕಡಿಮೆಯಾದ ತಕ್ಷಣ ನಿಲ್ಲಿಸಿತು, ಏನು ಬಿಟ್ಟುಹೋಗಿದೆ ಎಂದು ಹೆಸರು ಹಿಡಿದು ಹೇಳಿತು. ಆದರೆ ಆ ಸಾಲು ಓಡಿದಾಗ ಮಾತ್ರ. ಜೋಳದಲ್ಲಿ ತೇವಾಂಶ ಹೆಚ್ಚಿದ್ದರೆ ಮಾತ್ರ ಓಡುವ ಭಾಗದಲ್ಲಿ ತಪ್ಪು ಕರೆ ಇಟ್ಟೆ. ಒಣ ಜೋಳದ ಲೆಕ್ಕವೆಲ್ಲ ಸಲೀಸಾಗಿ ಮುಗಿಯಿತು. ಒದ್ದೆ ಜೋಳ ಬಂದಾಗ ತಂತ್ರಾಂಶ ಬಿದ್ದಿತು. ತೂಕದ ಮುಂದೆ ಸರದಿ ನಿಂತಿರುವಾಗ ಇದು ತಡವಾದ ಎಚ್ಚರಿಕೆ. 2015ರಲ್ಲಿ ಬಂದ ಪೈಥಾನ್ 3.5ರಿಂದ ಟೈಪ್ ಸೂಚನೆಗಳಿಗೆ (ಮಾಹಿತಿ ಸಂಖ್ಯೆಯೋ ಪಠ್ಯವೋ ಎಂಬ ಬಗೆಯನ್ನು ಹೇಳುವ ಗುರುತು) ಪ್ರಮಾಣಿತ ರೂಪ ಸಿಕ್ಕಿದೆ, ಆದರೆ ಓಡುವಾಗ ಪೈಥಾನ್ ಅವನ್ನು ಪರಿಶೀಲಿಸುವುದಿಲ್ಲ. ಪರಿಶೀಲನೆಗೆ ಮೈಪೈಯಂಥ ಬೇರೆ ಸಾಧನವನ್ನು ನಾವೇ ಓಡಿಸಬೇಕು.

ಟೈಪ್‌ಸ್ಕ್ರಿಪ್ಟ್ ಎಂದರೆ ಟೈಪುಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್. ತೂಕ, ಚೀಲ ಎರಡೂ ಸಂಖ್ಯೆಯೇ ಆಗಿರಬೇಕು ಎಂದು ಬರೆದಿಟ್ಟಾಗ ಕಡಿಮೆ ಆರ್ಗ್ಯುಮೆಂಟ್, ಹೆಚ್ಚು ಆರ್ಗ್ಯುಮೆಂಟ್, ಸಂಖ್ಯೆಯ ಬದಲು ಪಠ್ಯ, ಈ ಮೂರೂ ತಪ್ಪುಗಳನ್ನು ಬರೆಯುತ್ತಿರುವಾಗಲೇ ಕೆಂಪು ಗೆರೆ ಎಳೆದು ತೋರಿಸಿತು. ಮಿತಿ ಎಲ್ಲಿದೆಯೆಂದರೆ, ತಂತ್ರಾಂಶ ಓಡುವ ಹೊತ್ತಿಗೆ ಟೈಪುಗಳು ಅಳಿಸಿಹೋಗಿರುತ್ತವೆ. ಹೊರಗಿನ ತೂಕದ ಯಂತ್ರದಿಂದ ಬರುವ ಮಾಹಿತಿಯನ್ನು ಬೇರೆಯಾಗಿ ಪರೀಕ್ಷಿಸಲೇಬೇಕು.

ಇನ್ನು ಕಠಿಣ ಪರೀಕ್ಷೆ: ತೂಕ ಮತ್ತು ಚೀಲಗಳನ್ನು ಅದಲುಬದಲು ಮಾಡಿದೆ. ಎರಡೂ ಸಂಖ್ಯೆಗಳೇ ಆದ್ದರಿಂದ ಟೈಪ್‌ಸ್ಕ್ರಿಪ್ಟ್ ಸುಮ್ಮನಿತ್ತು, ಉತ್ತರ ಮೈನಸ್ 5150. ಟೈಪುಗಳ ವಿಷಯದಲ್ಲಿ ಕಟ್ಟುನಿಟ್ಟಾದ ರಸ್ಟ್ ಭಾಷೆಯಲ್ಲಿಯೂ ಬರಿಯ ಸಂಖ್ಯೆಗಳನ್ನು ಕೊಟ್ಟರೆ ಕಥೆ ಇದೇ. ಆದರೆ ಕಿಲೋಗೆ ಒಂದು ಟೈಪ್, ಚೀಲಕ್ಕೆ ಇನ್ನೊಂದು ಎಂದು ಒಂದೊಂದು ಸಾಲಿನಲ್ಲಿ ಕಟ್ಟಿಕೊಂಡರೆ ಕಂಪೈಲರ್, ಅಂದರೆ ಓಡುವ ಮೊದಲೇ ಕೋಡನ್ನು ಪರಿಶೀಲಿಸಿ ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ, ಅದಲುಬದಲನ್ನು ಒಳಗೇ ಬಿಡುವುದಿಲ್ಲ. ಕಿಲೋ ಇರಬೇಕಾದಲ್ಲಿ ಕ್ವಿಂಟಲ್ ಬಂದರೂ ಅಷ್ಟೇ. ಅಳತೆಯ ಗೊಂದಲ ಸಣ್ಣ ಮಾತಲ್ಲ. 1999ರಲ್ಲಿ ನಾಸಾದ ಮಂಗಳ ಹವಾಮಾನ ನೌಕೆ ಹಾಳಾದದ್ದು ಒಂದು ತಂತ್ರಾಂಶ ಪೌಂಡ್‌ನಲ್ಲಿ, ಇನ್ನೊಂದು ನ್ಯೂಟನ್‌ನಲ್ಲಿ ಲೆಕ್ಕ ಹಾಕಿದ್ದರಿಂದ. ಪೈಥಾನ್‌ನಲ್ಲಿ ಇದಕ್ಕೆ ಹಗುರವಾದ ದಾರಿಯಿದೆ: ಫಂಕ್ಷನ್ ಬರೆಯುವಾಗ ಅದರ ಆವರಣದ ಮೊದಲಲ್ಲೇ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಪ್ರತಿ ಆರ್ಗ್ಯುಮೆಂಟನ್ನೂ ಹೆಸರಿಟ್ಟೇ ಕೊಡಬೇಕಾಗುತ್ತದೆ.

ಫಂಕ್ಷನ್ ಕೊಟ್ಟ ಉತ್ತರವನ್ನೇ ನೋಡದೆ ಮುಂದೆ ಹೋಗುವುದೂ ತಪ್ಪು ಬಳಕೆಯೇ. ಪಟ್ಟಿಯನ್ನು ಫೈಲಿಗೆ ಬರೆಯುವುದು ವಿಫಲವಾದಾಗ ಪೈಥಾನ್ ದೋಷ ಎಸೆಯುತ್ತದೆ. ರಸ್ಟ್ ಕಂಪೈಲ್ ಮಾಡುವಾಗಲೇ ಎಚ್ಚರಿಸುತ್ತದೆ, ಬೇಕಿದ್ದರೆ ಅದನ್ನು ದೋಷವಾಗಿಸಬಹುದು.

ಆರ್ಗ್ಯುಮೆಂಟ್‌ಗಳ ಸಂಖ್ಯೆ, ಟೈಪು ಮತ್ತು ವೈಫಲ್ಯದ ತಪಾಸಣೆ ಯಾವ ಭಾಷೆಯಲ್ಲಿಯೂ ಕಡ್ಡಾಯವಾಗಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಕಿಲೋ–ಕ್ವಿಂಟಲ್ ಭೇದವನ್ನು ಬರೆಯುವವರ ಇಷ್ಟಕ್ಕೆ ಬಿಡಬಹುದು, ಆದರೆ ಅದಕ್ಕೆ ಒಂದು ಸಾಲಿಗಿಂತ ಹೆಚ್ಚು ಶ್ರಮ ಬೇಡುವ ಭಾಷೆಯಲ್ಲಿ ಯಾರೂ ಅದನ್ನು ಮಾಡುವುದಿಲ್ಲ. ರಸ್ಟ್ ಕಲಿಯಲು ಸಮಯ ಹಿಡಿಯುತ್ತದೆ, ಅದು ನಿಜ. ಆದ್ದರಿಂದ ಪರದೆಯ ಕೆಲಸಕ್ಕೆ ಟೈಪ್‌ಸ್ಕ್ರಿಪ್ಟ್, ಹಣ ಮತ್ತು ತೂಕದ ಲೆಕ್ಕಕ್ಕೆ ರಸ್ಟ್ ಆರಿಸಿಕೊಂಡಿದ್ದೇನೆ.