ಮಾಟುಂಗವೋ, ಚೆಂಬೂರೋ?

ಊರಿನಿಂದ ಬಂದ ನೆಂಟರನ್ನು ಮುಂಬಯಿಯಲ್ಲಿ ಒಂದು ದಿನ ಸುತ್ತಾಡಿಸಿ ತಿನ್ನಿಸಬೇಕೆಂದರೆ ನನ್ನ ಮತ ಮಾಟುಂಗಕ್ಕೆ. ಇಡ್ಲಿ ದೋಸೆಯಿಂದ ತಪ್ಪಿಸಿಕೊಳ್ಳಲೆಂದೇ ಬಂದವರಾದರೆ ಚೆಂಬೂರು ವಾಸಿ.

ಮಾಟುಂಗ ಪೂರ್ವದಲ್ಲಿ ಎಲ್ಲವೂ ನಡೆಯುವ ದೂರದಲ್ಲಿದೆ. ಲೋಕಲ್ ರೈಲಿನ ಸೆಂಟ್ರಲ್ ಲೈನಿನ ನಿಲ್ದಾಣದ ಪಕ್ಕದಲ್ಲೇ 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಬಾಳೆಎಲೆ ಊಟ ಅಲ್ಲೇ. ಕಿಂಗ್ಸ್ ಸರ್ಕಲ್ ಕಡೆ ಕೆಫೆ ಮದ್ರಾಸ್‌ನಲ್ಲಿ ರಾಗಿ ದೋಸೆ, ಬೆಣ್ಣೆಯಲ್ಲಿ ಮಿಂದ ಇಡ್ಲಿ, ರಸಂ ವಡೆ. ರಜಾದಿನ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು, ಒಳಗೆ ಅಪರಿಚಿತರೊಂದಿಗೆ ಮೇಜು ಹಂಚಿಕೊಳ್ಳಬೇಕು. ಹರಟೆಗೆ ಕೂರುವ ಜಾಗವಲ್ಲ. ಸೋಮವಾರ ಮಾತ್ರ ಹೋಗಬೇಡಿ, ಎರಡಕ್ಕೂ ರಜೆ. ಹೊಟ್ಟೆ ಭಾರವಾದರೆ ಫೈವ್ ಗಾರ್ಡನ್ಸ್‌ನ ಮರಗಳ ನೆರಳಿದೆ. 1926ರಲ್ಲಿ ಹುಟ್ಟಿದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇಲ್ಲಿಯದೇ. ಅಂದು ಕನ್ನಡ ನಾಟಕವಿದ್ದರೆ ಸಂಜೆಗೂ ವ್ಯವಸ್ಥೆಯಾಯಿತು.

ಹಾರ್ಬರ್ ಲೈನಿನ ಚೆಂಬೂರು ಚದುರಿಕೊಂಡ ಬಡಾವಣೆ. ಆದರೆ ಇಲ್ಲಿ ಆಟೊ ಓಡುತ್ತದೆ, ಮಾಟುಂಗದಲ್ಲಿ ಆ ಸುಖವಿಲ್ಲ. ವಿಭಜನೆಯ ನಂತರ ಸಿಂಧಿಗಳು ನೆಲೆಸಿದ ಕ್ಯಾಂಪ್‌ನ ದಾಲ್ ಪಕ್ವಾನ್ ತಿನ್ನಲೇಬೇಕು: ಗರಿಗರಿಯಾಗಿ ಕರಿದ ಮೈದಾ ಹಪ್ಪಳದಂಥ ರೊಟ್ಟಿ, ಮೆತ್ತಗೆ ಬೆಂದ ಕಡಲೆಬೇಳೆ, ಮೇಲೆ ಹುಣಸೆ ಚಟ್ನಿ, ಹಸಿ ಈರುಳ್ಳಿ. ಬೆಳಗಿನ ತಿಂಡಿಯದು, ತಡಮಾಡಿದರೆ ಮುಗಿದುಹೋಗುತ್ತದೆ. ಆಮೇಲೆ ಝಾಮಾ ಮಿಠಾಯಿ ಅಂಗಡಿಯ ಗುಲಾಬ್ ಜಾಮೂನು. ನೋಡುವುದಕ್ಕೆ ಛೆಡ್ಡಾ ನಗರದ ಮುರುಗನ್ ದೇವಸ್ಥಾನ, ಡೈಮಂಡ್ ಗಾರ್ಡನ್, ಅಷ್ಟೇ. ಮಂಡಿನೋವಿನ ಹಿರಿಯರಿದ್ದರೆ ದೇವಸ್ಥಾನದ ಮೆಟ್ಟಿಲುಗಳನ್ನು ಮೊದಲೇ ಹೇಳಿಬಿಡಿ.