ಸಿಬಿಲ್ ಸ್ಕೋರ್ ಏರಿಸಿ ಕೊಡ್ತೀವಿ ಅನ್ನೋರ ಬಾಗಿಲು ಹತ್ತಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ತಗೊಳ್ಳಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಬಿಲ್ ಸ್ಕೋರ್ ಅಂದರೆ ನಾವು ಸಾಲ ಹೇಗೆ ತೀರಿಸಿದ್ದೇವೆ ಅಂತ ನೋಡಿ ಸಿಬಿಲ್ ಕಂಪನಿ ಕೊಡುವ ಅಂಕ. ಅದನ್ನು ಏರಿಸಿ ಕೊಡ್ತೀವಿ ಅಂತ ಯಾರೇ ಹೇಳಲಿ, ಒಂದು ರೂಪಾಯಿ ಕೊಡಬೇಡಿ. ಪ್ಯಾನ್, ಆಧಾರ್ ಝೆರಾಕ್ಸ್ ಕೊಡಬೇಡಿ. ಓಟಿಪಿ ಹೇಳಲೇಬೇಡಿ. ನನ್ನ 18,000 ರೂಪಾಯಿ ಹೋಯಿತು, ನೋಡಿಟ್ಟಿದ್ದ ಮನೆ ಹೋಯಿತು, ಬ್ಯಾಂಕಿನಲ್ಲಿ ನಾಲ್ಕು ಜನರ ಮುಂದೆ ಮಾನವೂ ಹೋಯಿತು.

ನನ್ನದು ದುರ್ಗದಬೈಲ್ ಹತ್ತಿರ ಮ್ಯಾಚಿಂಗ್ ಸೆಂಟರ್. ನವನಗರದಲ್ಲಿ ಒಂದು ಮನೆ ನೋಡಿದ್ದೆವು. ಹಳೇ ಮನೆ, ಆದರೆ ಗಟ್ಟಿ. ಬೋರ್ ಇದೆ, ಚಿಗರಿ ಬಸ್ ನಿಲ್ದಾಣ ಹತ್ತಿರ. ಮನೆಯವಳಿಗೆ ಅಡುಗೆಮನೆ ನೋಡಿಯೇ ಮನಸ್ಸು ಕೂತಿತ್ತು. 38 ಲಕ್ಷಕ್ಕೆ ಮಾತಾಯಿತು. ಒಂದು ಲಕ್ಷ ಸಂಚಕಾರ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡೆವು. ಉಳಿದದ್ದಕ್ಕೆ ಹೋಮ್ ಲೋನ್.

ಬ್ಯಾಂಕಿನಲ್ಲಿ ಸ್ಕೋರ್ ತೆಗೆದರೆ 648. ಇದು 300ರಿಂದ 900ರವರೆಗೆ ಇರುತ್ತದೆ, 750ರ ಮೇಲಿದ್ದರೆ ಬ್ಯಾಂಕಿನವರು ಸಲೀಸಾಗಿ ಮಾತಾಡುತ್ತಾರೆ. ನನ್ನದು ಯಾಕೆ ಬಿದ್ದಿತ್ತು ಅಂದರೆ, 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿ ಪರ್ಸನಲ್ ಲೋನ್ ಕಂತು ನಿಂತಿತ್ತು. ಆಮೇಲೆ ಫೈನಾನ್ಸ್ ಕಂಪನಿಯ ವಸೂಲಿ ಹುಡುಗರು ಬಂದು "ಇಷ್ಟ್ ಕಟ್ಟಿಬಿಡ್ರಿ, ಮುಗದ್ ಹೋತು" ಅಂದರು. ಕಟ್ಟಿದೆ. ನಮ್ಮ ಸಾಲಗಳ ಲೆಕ್ಕ ಇರುವ ಸಿಬಿಲ್ ರಿಪೋರ್ಟ್‌ನಲ್ಲಿ ಅವರು ಬರೆಸಿದ್ದು 'ಸೆಟಲ್ಡ್' ಅಂತ. ಪೂರ್ತಿ ಕಟ್ಟಿಲ್ಲ, ಕಡಿಮೆ ತಗೊಂಡು ಬಿಟ್ಟಿದ್ದೇವೆ ಅಂತ ಅದರ ಅರ್ಥ. ಅದನ್ನು ಕಂಡರೆ ಬ್ಯಾಂಕಿನವರು ಹಿಂದೆ ಸರಿಯುತ್ತಾರೆ. ಇದನ್ನು ಆ ಹುಡುಗರು ಬಾಯಿ ಬಿಟ್ಟು ಹೇಳಲೇ ಇಲ್ಲ.

ಇಂಥ ಹೊತ್ತಿನಲ್ಲಿ ಪರಿಚಯದವರೊಬ್ಬರು ಒಂದು ಆಫೀಸಿನ ಹೆಸರು ಹೇಳಿದರು. ಕೊಪ್ಪಿಕರ್ ರೋಡ್ ಕಡೆಯ ಕಾಂಪ್ಲೆಕ್ಸ್, ಮೇಲಿನ ಮಹಡಿ, ಎಸಿ, ಟೈ ಕಟ್ಟಿದ ಹುಡುಗ. ಗೋಡೆ ತುಂಬಾ ಸರ್ಟಿಫಿಕೇಟು.

"ಅಣ್ಣಾರ, ನೀವೇನ್ ಕಾಳಜಿ ಮಾಡಬ್ಯಾಡ್ರಿ. ಮುಂಬೈದಾಗ ಒಳಗ ನಮ್ಮ ಮಂದಿ ಅದಾರ. ತೊಂಬತ್ತ್ ದಿನದಾಗ 780 ದಾಟಸ್ತೀವಿ. ಮನಿ ವಾಸ್ತುಶಾಂತಿಗೆ ನಮ್ಮನ್ನ ಕರೀಬೇಕ್ ನೋಡ್ರಿ ಮತ್ತ."

ವಾಸ್ತುಶಾಂತಿಗೆ ಕರೀಬೇಕಂತೆ! ಮನೆಯವಳು ಪಕ್ಕದಲ್ಲೇ ಕೂತಿದ್ದಳು, ಆ ಮಾತಿಗೆ ಅವಳ ಮುಖ ಅರಳಿತ್ತು. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

18,000 ಕಟ್ಟಿಸಿಕೊಂಡರು. ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಫೋಟೋ ತಗೊಂಡರು. "ವೆರಿಫಿಕೇಶನ್‌ಗೆ ಓಟಿಪಿ ಬರ್ತಾವ್ರಿ, ಹೇಳ್ರಿ" ಅಂತ ಅಲ್ಲೇ ಕೂರಿಸಿ ಒಂದಾದ ಮೇಲೆ ಒಂದು ಓದಿಸಿಕೊಂಡರು. ಆಮೇಲೂ ಫೋನ್ ಮಾಡಿ ಕೇಳುತ್ತಿದ್ದರು. ರಸೀದಿಯಲ್ಲಿ ಸ್ಕೋರ್ ಅನ್ನೋ ಮಾತೇ ಇಲ್ಲ, 'ಕನ್ಸಲ್ಟೇಶನ್' ಅಂತ ಮಾತ್ರ.

ಮುಂದೆ ಬರೀ ವಾಟ್ಸಾಪ್. "ಪ್ರೊಸೆಸ್‌ನಲ್ಲಿದೆ ಸರ್." "ಸಿಸ್ಟಂ ಅಪ್‌ಡೇಟ್ ಆಗ್ತಿದೆ ಸರ್." "ಟೀಮ್ ಫಾಲೋ ಮಾಡ್ತಿದೆ ಸರ್." ಇತ್ತ ಅಗ್ರಿಮೆಂಟ್ ಅವಧಿ ಮುಗಿಯುತ್ತಾ ಬಂತು. ಕೊನೆಗೆ ಒಂದು ದಿನ "ಹೋಗಿ ಬರ್ರಿ ಸರ್, ಕೆಲಸ ಆಗೇತಿ" ಅಂತ ಮೆಸೇಜ್. ಗಂಡ-ಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋದೆವು.

ಮ್ಯಾನೇಜರ್ ಮೇಡಂ ಕಂಪ್ಯೂಟರ್ ನೋಡಿದರು. ಮತ್ತೆ ನೋಡಿದರು. "ಸರ್, ಇಷ್ಟೊಂದು ಕಡೆ ಯಾಕೆ ಸಾಲ ಕೇಳಿದ್ದೀರಿ?" ಅಂದರು. ನನಗೆ ಅರ್ಥವೇ ಆಗಲಿಲ್ಲ. ಸ್ಕ್ರೀನ್ ನಮ್ಮ ಕಡೆ ತಿರುಗಿಸಿದರು. ಕ್ರೆಡಿಟ್ ಕಾರ್ಡ್‌ಗೆ ಅರ್ಜಿ, ಆ್ಯಪ್ ಸಾಲಕ್ಕೆ ಅರ್ಜಿ, ಮತ್ತೆ ಕಾರ್ಡ್, ಮತ್ತೆ ಸಾಲ. ಸಾಲಾಗಿ ಇದ್ದವು. ತಾರೀಖು, ಮೊತ್ತ ಎಲ್ಲ ಇತ್ತು. ಎಲ್ಲ ನನ್ನ ಹೆಸರಲ್ಲಿ. ಒಂದೂ ನಾನು ಹಾಕಿದ್ದಲ್ಲ. ನನ್ನಿಂದ ತಗೊಂಡ ಓಟಿಪಿಗಳು ಎಲ್ಲಿ ಹೋದವು ಅಂತ ಆಗ ಹೊಳೆಯಿತು. ಹೀಗೆ ಒಂದರ ಹಿಂದೆ ಒಂದು ಅರ್ಜಿ ಹೋದರೆ, ಪ್ರತಿ ಸಲ ಆ ಕಂಪನಿ ನಮ್ಮ ರಿಪೋರ್ಟ್ ತೆಗೆಸುತ್ತದೆ, ಸ್ಕೋರ್ ಇಳಿಯುತ್ತದೆ. ನನ್ನದು 611ಕ್ಕೆ ಬಂದಿತ್ತು. ಏರಿಸ್ತೀವಿ ಅಂದವರು ಇಳಿಸಿ ಕೂತಿದ್ದರು. ಒಂದೊಂದು ಅರ್ಜಿಗೂ ಅವರಿಗೆ ಕಮಿಷನ್ ಸಿಗುತ್ತಿತ್ತು ಅಂತಲೇ ನನ್ನ ಅನುಮಾನ.

ಇದು ಸಾಲದು ಅಂತ ಇನ್ನೊಂದು. ಮೇಡಂ ಕೇಳಿದರು: "ಈ ಹಳೇ ಲೋನ್ ನಂದಲ್ಲ ಅಂತ ನೀವೇ ಡಿಸ್ಪ್ಯೂಟ್ ಹಾಕಿದ್ದೀರಿ. ನನ್ನ ಹತ್ತಿರ ಲಾಕ್‌ಡೌನ್‌ನಾಗ ಕಟ್ಟಾಕ ಆಗಲಿಲ್ಲ ಅಂದಿದ್ರಿ. ಯಾವುದು ಖರೆ ಸರ್?"

ಡಿಸ್ಪ್ಯೂಟ್ ಅಂದರೆ ರಿಪೋರ್ಟ್ ತಪ್ಪಿದೆ ಅನ್ನೋ ತಕರಾರು. ಅದನ್ನೂ ನನ್ನ ಹೆಸರಲ್ಲಿ ಆ ಆಫೀಸಿನವರೇ ಹಾಕಿದ್ದರು. ಏನು ಹೇಳಲಿ? ನಾನು ಸುಳ್ಳ ಅನ್ನೋ ಹಾಗೆ ನೋಡಿದರು. ಹಿಂದೆ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ನಮ್ಮ ಅಂಗಡಿಗೆ ಬರುವ ಒಬ್ಬರು ಗಿರಾಕಿಯೂ ಇದ್ದರು. ಮನೆಯವಳು ಸೆರಗು ಸರಿ ಮಾಡಿಕೊಂಡು ಎದ್ದು ಹೊರಗೆ ಹೋಗಿಬಿಟ್ಟಳು. ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಒಬ್ಬರ ಬಾಯಲ್ಲೂ ಸುಳ್ಳ ಅನ್ನಿಸಿಕೊಂಡಿರಲಿಲ್ಲ.

ನೇರ ಆ ಆಫೀಸಿಗೆ ಹೋದೆ. ಉತ್ತರ ಕೇಳಿ: "ಅಣ್ಣಾರ, ಸ್ಕೋರ್ ಏರೂಕಿಂತ ಮೊದಲ ಸ್ವಲ್ಪ ಇಳೀತೈತ್ರಿ. ಅದು ಪ್ರೊಸೆಸ್." ಡಿಸ್ಪ್ಯೂಟ್ ಯಾಕೆ ಸುಳ್ಳು ಹಾಕಿದಿರಿ ಅಂದರೆ, "ಎಲ್ಲಾರೂ ಹಂಗ ಹಾಕ್ತಾರ್ರಿ." ರೊಕ್ಕ ವಾಪಸ್ ಕೊಡಿ ಅಂದರೆ, "ಕನ್ಸಲ್ಟೇಶನ್ ಫೀ ರಿಫಂಡ್ ಇರಂಗಿಲ್ರಿ, ನೀವ ಸಹಿ ಮಾಡೀರಿ." ಅದಾದ ಮೇಲೆ, ನಾಚಿಕೆ ಇಲ್ಲದೆ, "ಇನ್ನ ಹನ್ನೆರಡ ಸಾವಿರ ಕೊಟ್ರ ಪ್ರೀಮಿಯಂ ಪ್ಯಾಕೇಜ್‌ದಾಗ ಮಾಡಿಕೊಡ್ತೀವಿ" ಅಂದ! ನಾನು ಜೋರು ಮಾಡಿದ ಮೇಲೆ "ಏನ್ ಮಾಡ್ಕೋತೀರಿ ಮಾಡ್ಕೋರಿ" ಅಂದ. ಅದೇ ಬಾಯಿ, ಅಣ್ಣಾರ ಅಂತಿದ್ದ ಬಾಯಿ. ಸಂಜೆಯೊಳಗೆ ನನ್ನ ನಂಬರ್ ಬ್ಲಾಕ್.

ಆಮೇಲೆ ಆ ಮೇಡಂ ಅವರೇ ಕೂರಿಸಿ ವಿವರ ಹೇಳಿದರು, ಅವರಿಗೆ ನಾನು ಋಣಿ. ಸ್ಕೋರ್ ಒಳಗೆ ಹೊರಗಿನವರು ಯಾರೂ ಕೈ ಹಾಕಲು ಆಗುವುದಿಲ್ಲ. ಮುಂಬೈ ಇಲ್ಲ, ಒಳಗಿನ ಮಂದಿ ಇಲ್ಲ, ಏನೂ ಇಲ್ಲ. ಸಾಲ ಕೊಟ್ಟ ಕಂಪನಿ ಕಳಿಸಿದ ಮಾಹಿತಿಯೇ ರಿಪೋರ್ಟ್‌ನಲ್ಲಿ ಬರುತ್ತದೆ. ಅವರು ಒಪ್ಪದೆ ಸಿಬಿಲ್‌ನವರೂ ಒಂದು ಅಕ್ಷರ ಬದಲಿಸುವುದಿಲ್ಲ. ತಪ್ಪು ಇದ್ದರೆ ಡಿಸ್ಪ್ಯೂಟ್ ನಾವೇ ಆನ್‌ಲೈನ್‌ನಲ್ಲಿ ಹಾಕಬಹುದು, ಪುಕ್ಕಟೆ. 30 ದಿನದೊಳಗೆ ಸರಿ ಮಾಡದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ, 2024ರ ಏಪ್ರಿಲ್‌ನಿಂದ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಕೂಡ ಪುಕ್ಕಟೆ. ಸಿಬಿಲ್ ಒಂದೇ ಅಲ್ಲ, ಇದೇ ಕೆಲಸ ಮಾಡುವ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್‌ನವರೂ ಕೊಡಬೇಕು. ನಮ್ಮ ರಿಪೋರ್ಟ್ ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಪುಕ್ಕಟೆ ಆಗುವ ಕೆಲಸಕ್ಕೆ 18,000!

ನಾನು ಈಗ ಫೈನಾನ್ಸ್ ಕಂಪನಿಯ ಶಾಖೆಗೆ ಹೋಗಿ, ಅವತ್ತು ಬಿಟ್ಟಿದ್ದ ಬಾಕಿ ಕಟ್ಟಿ, ನೋ ಡ್ಯೂ ಪತ್ರ ತಗೊಂಡಿದ್ದೇನೆ. 'ಸೆಟಲ್ಡ್' ತೆಗೆದು 'ಕ್ಲೋಸ್ಡ್' ಮಾಡಿ ಅಂತ ಅರ್ಜಿ ಬರೆದುಕೊಟ್ಟು, ಸೀಲ್ ಹಾಕಿಸಿಕೊಂಡಿದ್ದೇನೆ. ಬಾಯಿ ಮಾತು ನಂಬಬೇಡಿ, ಸೀಲ್ ಹಾಕಿಸಿಕೊಳ್ಳಿ. ಅವರು 30 ದಿನ ಸುಮ್ನೆ ಕೂತರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಆದರೆ ಆ ಅರ್ಜಿಗಳ ಕಲೆ ಹೋಗಲು ಟೈಮ್ ಬೇಕು. ಅದಕ್ಕೆ ಅಡ್ಡದಾರಿ ಇಲ್ಲ. ಮನೆ ನೋಡುವ ಮೊದಲೇ ರಿಪೋರ್ಟ್ ತೆಗೆಸಿ ನೋಡಿ, ಸಂಚಕಾರ ಆಮೇಲೆ ಕೊಡಿ.

ನವನಗರದ ಮನೆ ಬೇರೆಯವರಿಗೆ ಹೋಯಿತು. ಅವಧಿ ಮುಗಿದಿತ್ತು, ಮಾಲೀಕರು ಎಷ್ಟು ಕಾಯುತ್ತಾರೆ? ಹಿರಿಯರು, ಸಂಚಕಾರದಲ್ಲಿ ಅರ್ಧ ವಾಪಸ್ ಕೊಟ್ಟರು. ಅದು ಅವರ ದೊಡ್ಡತನ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದ್ದೇನೆ, ಠಾಣೆಗೂ ದೂರು ಕೊಟ್ಟಿದ್ದೇನೆ. ಆ ಆಫೀಸು ಇನ್ನೂ ತೆರೆದೇ ಇದೆ, ಜನ ಮೆಟ್ಟಿಲು ಹತ್ತುತ್ತಲೇ ಇದ್ದಾರೆ. ಇಂಥವರ ಹತ್ತಿರ ನಿಮ್ಮ ದುಡ್ಡೂ ಹೋಗಿದ್ದರೆ ರಸೀದಿ, ವಾಟ್ಸಾಪ್ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ. ನೀವೂ ದೂರು ಕೊಡಿ.