ಕೊಳವೆಬಾವಿಗೆ ಆರ್ಸೆನಿಕ್ ಪರೀಕ್ಷೆ: ಒಂದು ಕಿಟ್, ಎರಡು ಪ್ರಯೋಗಾಲಯ, ಮೂರು ಉತ್ತರ

ಲಿಂಗಸುಗೂರು ತಾಲ್ಲೂಕಿನ ನಮ್ಮ ಹೊಲದಲ್ಲಿರುವ ಕೊಳವೆಬಾವಿಯ ಆಳ 320 ಅಡಿ. ಬೇಳೆ ಬೇಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಸ್ಟೀಲ್ ಕೊಡದ ತಳದಲ್ಲಿ ವಾರಕ್ಕೊಮ್ಮೆ ಕಂದು ಕಲೆ ನಿಲ್ಲುತ್ತದೆ ಎಂಬುದನ್ನು ಬಿಟ್ಟರೆ ನೀರಿನ ಬಗ್ಗೆ ಯಾರ ದೂರೂ ಇರಲಿಲ್ಲ. ಹೊಲ ನೋಡಿಕೊಳ್ಳುವ ಕುಟುಂಬ ಒಂಬತ್ತು ವರ್ಷದಿಂದ ಅದನ್ನೇ ಕುಡಿಯುತ್ತಿದೆ. ಅದರಲ್ಲಿ ಆರ್ಸೆನಿಕ್ ಇದೆಯೇ ಎಂದು ತಿಳಿಯಲು ಕಳೆದ ಬೇಸಿಗೆಯಲ್ಲಿ ಒಂದು ಪರೀಕ್ಷಾ ಕಿಟ್ಟನ್ನೂ ಎರಡು ಖಾಸಗಿ ಪ್ರಯೋಗಾಲಯಗಳ ಸೇವೆಯನ್ನೂ ಬಳಸಿದೆ. ಮೂರರಿಂದಲೂ ಬೇರೆ ಬೇರೆ ಉತ್ತರ ಬಂತು. ಇದೇ ಕೆಲಸಕ್ಕೆ ಹಣ ಖರ್ಚು ಮಾಡಲಿರುವವರಿಗೆ ಉಪಯೋಗವಾಗಲೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ಪ್ರಯೋಗಾಲಯಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಕಂಡ ಲೋಪ ಒಂದೇ ಸಂಸ್ಥೆಯದಲ್ಲ ಎಂಬುದು ಆಮೇಲೆ ಹಲವರನ್ನು ವಿಚಾರಿಸಿದಾಗ ತಿಳಿಯಿತು.

ಈ ಅನುಮಾನ ಹುಟ್ಟಿದ್ದು ನೆಲದ ಸ್ವಭಾವದಿಂದ. ನಮ್ಮ ಭಾಗದ ಹಟ್ಟಿ–ಮಸ್ಕಿ ಶಿಲಾಪಟ್ಟಿಯಲ್ಲಿ ಬಂಗಾರವಿದೆ. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನವನ್ನು 1915ರಲ್ಲಿ ಗುರುತಿಸಿದವನು ಕೂಡ ಬಂಗಾರದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್. ಇಂತಹ ಶಿಲೆಗಳಲ್ಲಿ ಬಂಗಾರ ಒಂಟಿಯಾಗಿರುವುದು ಕಡಿಮೆ. ಬೆಣಚುಕಲ್ಲಿನ ಎಳೆಗಳಲ್ಲಿ ಅದರ ಜೊತೆಗೇ ಆರ್ಸೆನೊಪೈರೈಟ್ ಎಂಬ ಖನಿಜವಿರುತ್ತದೆ. ಅದರೊಳಗಿರುವುದು ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್, ಅಂದರೆ ನಮ್ಮ ಹಿರಿಯರು ಪಾಷಾಣವೆಂದು ಕರೆದ ವಿಷದ ಮೂಲವಸ್ತು. ಗಾಳಿಯೂ ನೀರೂ ತಾಗುವವರೆಗೆ ಈ ಖನಿಜ ಸುಮ್ಮನಿರುತ್ತದೆ. ಗಣಿಯ ಸುರಂಗವಿರಲಿ, ಅದಿರು ಅರೆದು ಉಳಿದ ಪುಡಿಯ ದಿಬ್ಬವಿರಲಿ, ಏರಿಳಿಯುವ ಅಂತರ್ಜಲ ಮಟ್ಟವೇ ಇರಲಿ, ಆಮ್ಲಜನಕ ಒಳಹೊಕ್ಕ ಕಡೆ ಅದು ಒಡೆದು ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ಹಾಗಾಗಿ ಬಾವಿಯಲ್ಲಿ ಆರ್ಸೆನಿಕ್ ಸಿಕ್ಕಿತೆಂದ ಮಾತ್ರಕ್ಕೆ ಗಣಿಯನ್ನೇ ದೂರುವಂತಿಲ್ಲ. ಗುದ್ದಲಿಯೇ ಬೀಳದ ನೆಲದಲ್ಲೂ ಅದು ಇರಬಹುದು. ಪಕ್ಕದ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಲಕ್ಷಣಗಳು ಕಾಣಿಸಿಕೊಂಡದ್ದು ದಾಖಲಾಗಿದೆ. ಅದೂ ಹಳೆಯ ಬಂಗಾರದ ಗಣಿಯ ನೆರೆಯ ಊರು.

ಮೊದಲು ಕಿಟ್ಟಿನ ವಿಷಯ. ಅಕ್ಕಪಕ್ಕದ ಹೊಲದ ಇಬ್ಬರ ಜೊತೆ ಸೇರಿ ಕೊಂಡೆವು. ವಿಧಾನ ಹತ್ತೊಂಬತ್ತನೆಯ ಶತಮಾನದ್ದು: ನೀರಿಗೆ ಆಮ್ಲದ ಪುಡಿಯನ್ನೂ ಸತುವಿನ ಪುಡಿಯನ್ನೂ ಹಾಕಿದರೆ ಹೈಡ್ರೊಜನ್ ನೊರೆಯೇಳುತ್ತದೆ, ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದು ಆರ್ಸೀನ್ ಅನಿಲವಾಗಿ ಮೇಲೇರುತ್ತದೆ, ಸೀಸೆಯ ಮುಚ್ಚಳದಲ್ಲಿ ಸಿಕ್ಕಿಸಿದ ಪಾದರಸದ ಲವಣ ಲೇಪಿತ ಕಾಗದ ಅದಕ್ಕೆ ಬಣ್ಣ ಬದಲಿಸುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಬೇವಿನ ಮರದ ನೆರಳಿನಲ್ಲಿ ಕೂತು ಮಾಡಿದೆವು. ಹತ್ತು ನಿಮಿಷ ಕಳೆದು ಕಾಗದವನ್ನು ಎಳೆದಾಗ ಅದರ ನಡುವೆ ಅರಿಶಿನ ತಾಗಿದ ಬೆರಳಿನ ಗುರುತಿನಷ್ಟು ತಿಳಿ ಹಳದಿಯ ಚುಕ್ಕೆಯಿತ್ತು. ಬಣ್ಣದ ಪಟ್ಟಿಯ ಮೇಲೆ ಹಿಡಿದರೆ ಅದು ಲೀಟರಿಗೆ 10 ಮೈಕ್ರೊಗ್ರಾಂ ಮನೆಗೂ 25ರ ಮನೆಗೂ ನಡುವೆ ಎಲ್ಲೋ ನಿಂತಿತು. ಒಬ್ಬರು ಹತ್ತು ಎಂದರು, ಒಬ್ಬರು ಇಪ್ಪತ್ತೈದು ಎಂದರು. ಮೂರನೆಯವರು ಕನ್ನಡಕ ತಂದಿರಲಿಲ್ಲ.

ಕಿಟ್ಟನ್ನು ನಾನು ಮೆಚ್ಚುತ್ತೇನೆ, ಆದರೆ ಷರತ್ತುಗಳೊಂದಿಗೆ. ಲೀಟರಿಗೆ 100 ಅಥವಾ 250 ಮೈಕ್ರೊಗ್ರಾಂ ಇರುವ ಬಾವಿಯನ್ನು ಅದು ಖಂಡಿತ ಹಿಡಿದುಕೊಡುತ್ತದೆ, ಕಾಗದ ಕಡು ಹಳದಿಯಾಗಿ ಕಂದಿಗೆ ತಿರುಗುತ್ತದೆ. ಕುಡಿಯುವ ನೀರಿನ ಮಿತಿಯಾದ 10 ಮೈಕ್ರೊಗ್ರಾಂ ಹತ್ತಿರದ ನೀರಿಗೆ ಅದರ ಮಾತು ಅಂದಾಜು ಮಾತ್ರ. ಆರ್ಸೀನ್ ವಿಷಾನಿಲವಾದ್ದರಿಂದ ಅಡುಗೆಮನೆಯಲ್ಲಿ ಮಾಡದೆ ಬಯಲಿನಲ್ಲೇ ಮಾಡಬೇಕು ಎಂಬ ಸೂಚನೆ ಕೈಪಿಡಿಯಲ್ಲಿ ಇದ್ದರೂ ತೀರ ಸಣ್ಣ ಅಕ್ಷರದಲ್ಲಿದೆ. ಬಳಸಿದ ಕಾಗದದಲ್ಲಿ ಪಾದರಸವಿರುತ್ತದೆ, ಅದನ್ನು ಎಲ್ಲಿ ಹಾಕಬೇಕೆಂದು ಕೈಪಿಡಿ ಹೇಳುವುದೇ ಇಲ್ಲ. ವಿಷ ಹುಡುಕಲು ತಂದ ಪೆಟ್ಟಿಗೆಯಿಂದ ಇನ್ನೊಂದು ವಿಷ ತಿಪ್ಪೆ ಸೇರಬಾರದೆಂದು ಪಟ್ಟಿಗಳನ್ನೆಲ್ಲ ಮುಚ್ಚಳದ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.

ಹಳದಿ ಚುಕ್ಕೆ ಕಂಡ ಮೇಲೆ ಮೊದಲ ಪ್ರಯೋಗಾಲಯಕ್ಕೆ ಕರೆ ಮಾಡಿದೆ. ‘ಕುಡಿಯುವ ನೀರಿನ ಪೂರ್ಣ ಪರೀಕ್ಷೆ’ಗೆ 1,800 ರೂಪಾಯಿ, ನಾಲ್ಕು ದಿನದಲ್ಲಿ ವರದಿ. ‘ಯಾವುದಾದರೂ ನೀರಿನ ಬಾಟಲಿಯಲ್ಲಿ ಒಂದು ಲೀಟರ್ ತಂದುಕೊಡಿ ಸರ್, ಸಾಕು’ ಎಂದರು. ಅಂಗಡಿಯಲ್ಲಿ ಕೊಂಡ ನೀರಿನ ಬಾಟಲಿಯನ್ನು ಖಾಲಿ ಮಾಡಿ, ತೊಳೆದು, ತುಂಬಿಸಿ, ಮರುದಿನ ಸಂಜೆ ಬಸ್ಸಿನಲ್ಲಿ ಒಯ್ದು ಕೊಟ್ಟೆ. ಅಷ್ಟರಲ್ಲಿ ಬಾಟಲಿಯ ತಳದಲ್ಲಿ ತೆಳುವಾದ ಕಂದು ಗಸಿ ಕೂತಿತ್ತು. ಕೌಂಟರಿನಲ್ಲಿದ್ದವರು ಅದನ್ನು ನೋಡಿಯೂ ಏನೂ ಕೇಳಲಿಲ್ಲ.

ಆ ಗಸಿಯಲ್ಲೇ ವಿಷಯವಿತ್ತೆಂದು ನನಗೆ ತಿಳಿದದ್ದು ಆಮೇಲೆ. ಬಾವಿಯ ತಳದಲ್ಲಿ ಕರಗಿದ ಸ್ಥಿತಿಯಲ್ಲಿರುವ ಕಬ್ಬಿಣ ಮೇಲೆ ಬಂದು ಗಾಳಿಗೆ ಒಡ್ಡಿಕೊಂಡಾಗ ತುಕ್ಕಿನ ಕಣವಾಗಿ ತಳ ಸೇರುತ್ತದೆ. ಸೇರುವಾಗ ನೀರಿನಲ್ಲಿರುವ ಆರ್ಸೆನಿಕ್ಕನ್ನೂ ತನಗಂಟಿಸಿಕೊಂಡು ಹೋಗುತ್ತದೆ. ಮೇಲಿನ ತಿಳಿ ನೀರನ್ನಷ್ಟೇ ಅಳೆದರೆ ಬಾವಿಯಲ್ಲಿ ಇದ್ದುದಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಹೀಗಾಗದಿರಲೆಂದೇ ಲೋಹಗಳ ಪರೀಕ್ಷೆಗೆ ಹೋಗುವ ನೀರಿಗೆ ಸ್ಥಳದಲ್ಲೇ ಕೆಲವು ಹನಿ ನೈಟ್ರಿಕ್ ಆಮ್ಲ ಸೇರಿಸಿ, ಪಿಎಚ್ ಎರಡಕ್ಕಿಂತ ಕೆಳಗಿಳಿಸಿ ಇಡುವುದು ಪದ್ಧತಿ. ಮೊದಲ ಪ್ರಯೋಗಾಲಯದಲ್ಲಿ ಆ ಮಾತೇ ಬರಲಿಲ್ಲ.

ವರದಿ ಹೇಳಿದ ದಿನಕ್ಕೆ ಸರಿಯಾಗಿ ಬಂತು, ಅದನ್ನು ಒಪ್ಪಬೇಕು. ಹೊಳೆಯುವ ಕಾಗದ, ಬಣ್ಣದ ಮುದ್ರೆ, ಇಪ್ಪತ್ತೆರಡು ಸಾಲು. ಆರ್ಸೆನಿಕ್ ಎಂಬ ಸಾಲಿನ ಮುಂದೆ ‘ಬಿಡಿಎಲ್’ ಎಂದಿತ್ತು, ಅಂದರೆ ಪತ್ತೆಮಿತಿಗಿಂತ, ಅವರ ವಿಧಾನ ಗುರುತಿಸಬಲ್ಲ ಕನಿಷ್ಠ ಪ್ರಮಾಣಕ್ಕಿಂತ, ಕಡಿಮೆ. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ರಾತ್ರಿ ಮತ್ತೊಮ್ಮೆ ಓದುವಾಗ ಪುಟದ ಕೆಳಗಿನ ಟಿಪ್ಪಣಿ ಕಂಡಿತು: ಆರ್ಸೆನಿಕ್‌ನ ಪತ್ತೆಮಿತಿ ಲೀಟರಿಗೆ 0.05 ಮಿಲಿಗ್ರಾಂ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ ಹೇಳುವ ಮಿತಿ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೊಗ್ರಾಂ. ಅಂದರೆ ಮಿತಿಯ ನಾಲ್ಕು ಪಟ್ಟು ಆರ್ಸೆನಿಕ್ ಇರುವ ನೀರಿಗೂ ಈ ಪ್ರಯೋಗಾಲಯ ಅದೇ ಮೂರಕ್ಷರವನ್ನು ಅಚ್ಚು ಹಾಕಿ ಕೊಡುತ್ತದೆ. ಕ್ವಿಂಟಲ್ ತೂಗುವ ಕಾಟಾದ ಮೇಲೆ ಮೂಗುತಿ ಇಟ್ಟು ‘ತೂಕವಿಲ್ಲ’ ಎಂದ ಹಾಗೆ.

2012ರ ಮಾನಕದಲ್ಲಿ, ಬೇರೆ ನೀರಿನ ಮೂಲವಿಲ್ಲದ ಕಡೆ 0.05ರ ವರೆಗೆ ಸಡಿಲಿಕೆಯಿತ್ತು. ನಂತರದ ತಿದ್ದುಪಡಿಯಲ್ಲಿ ಅದನ್ನು ತೆಗೆಯಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯಂತೂ ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಅಂಕಿಯನ್ನು 1993ರಲ್ಲೇ ಹೇಳಿದೆ. ನನ್ನ ವರದಿಯ ‘ಮಿತಿ’ ಕಾಲಂನಲ್ಲಿ ಇನ್ನೂ ಹಳೆಯ 0.05 ಇತ್ತು. ಕರೆ ಮಾಡಿ ಕೇಳಿದಾಗ ‘ನಮ್ಮ ಫಾರ್ಮ್ಯಾಟ್ ಹಾಗೇ ಇದೆ ಸರ್’ ಎಂಬ ಉತ್ತರ ಸಿಕ್ಕಿತು. ಮಾನ್ಯತೆಯ ಮುದ್ರೆ ಇದೆಯಲ್ಲ ಎಂದರೆ, ಮುದ್ರೆ ಇತ್ತು ನಿಜ. ಆದರೆ ಪ್ರಯೋಗಾಲಯಗಳಿಗೆ ರಾಷ್ಟ್ರೀಯ ಮಂಡಳಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಇಡೀ ಕಟ್ಟಡಕ್ಕೆ ಸಿಗುವಂಥದ್ದಲ್ಲ. ಯಾವ ವಸ್ತುವಿನಲ್ಲಿ ಯಾವ ಅಂಶವನ್ನು ಯಾವ ವಿಧಾನದಿಂದ ಯಾವ ವ್ಯಾಪ್ತಿಯಲ್ಲಿ ಅಳೆಯಬಹುದೆಂಬ ಪಟ್ಟಿ ಪ್ರಮಾಣಪತ್ರದ ಜೊತೆಗಿರುತ್ತದೆ. ಹಣ ಕೊಡುವ ಮೊದಲು ಆ ಪಟ್ಟಿಯಲ್ಲಿ ಆರ್ಸೆನಿಕ್ ಸಾಲನ್ನು ನೋಡಬೇಕಿತ್ತು. ನಾನು ನೋಡಲಿಲ್ಲ, ಅದು ನನ್ನ ತಪ್ಪು.

ಎರಡನೆಯ ಪ್ರಯೋಗಾಲಯ ದೂರದ ನಗರದಲ್ಲಿದೆ, ದರ 2,900 ರೂಪಾಯಿ. ಹಣದ ಮಾತಿಗೆ ಮೊದಲೇ ಬಾವಿಯ ಆಳವೆಷ್ಟು, ದಿನಾ ಪಂಪು ಓಡುತ್ತದೆಯೇ, ನೀರು ಕಂದಾಗುತ್ತದೆಯೇ ಎಂದು ಕೇಳಿದರು. ಪತ್ತೆಮಿತಿ ಕೇಳಿದ್ದಕ್ಕೆ ತಡವರಿಸದೆ 0.001 ಎಂದರು, ವಿಧಾನ ತೀರ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ–ಎಂಎಸ್. ಮೂರನೆಯ ದಿನ ಕೊರಿಯರಿನಲ್ಲಿ ಎರಡು ಬಾಟಲಿ ಬಂದವು, ಒಂದರ ತಳದಲ್ಲಿ ಆಮ್ಲ, ಮೇಲೆ ಕೆಂಪು ಚೀಟಿ: ‘ತೊಳೆಯಬೇಡಿ, ತುಂಬಿ ಚೆಲ್ಲಬೇಡಿ.’ ಪಂಪನ್ನು ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತಿದ್ದ ನೀರು ಹೋದ ಮೇಲೆ ಹಿಡಿಯಬೇಕೆಂದು ಫೋನಿನಲ್ಲಿ ವಿವರಿಸಿದರು. ಬೂಸಾ ಚೀಲದಲ್ಲಿ ಸುತ್ತಿ ಐಸ್ ಡಬ್ಬಿಯಲ್ಲಿಟ್ಟು ಕಳಿಸಿದೆ. ಬಂದ ಅಂಕಿ ಲೀಟರಿಗೆ 0.028 ಮಿಲಿಗ್ರಾಂ, ಪಕ್ಕದಲ್ಲಿ ಹೆಚ್ಚುಕಡಿಮೆಯ ಅಂದಾಜು ಕೂಡ.

ಈ ಸೇವೆಯಲ್ಲೂ ಕೊರತೆಗಳಿವೆ. ಐದು ದಿನ ಎಂದದ್ದು ಹನ್ನೆರಡು ದಿನವಾಯಿತು. ಲೋಹಗಳ ಪಟ್ಟಿಯಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್ ಇದ್ದವೇ ಹೊರತು, ಗಟ್ಟಿ ಬಂಡೆಯ ಬಾವಿಗಳಿಗೆ ನೋಡಲೇಬೇಕಾದ ಯುರೇನಿಯಂ ಇರಲಿಲ್ಲ. ಅದಕ್ಕೆ ಬೇರೆ ದುಡ್ಡು. ದೊಡ್ಡ ಬೇಸರವೆಂದರೆ ವರದಿ ಇಡಿಯಾಗಿ ಇಂಗ್ಲಿಷಿನಲ್ಲಿದೆ, ‘ಮಿತಿ ಮೀರಿದೆ’ ಎಂಬ ಒಂದು ಸಾಲೂ ಕನ್ನಡದಲ್ಲಿಲ್ಲ. ಆ ನೀರು ಕುಡಿಯುವವರಿಗೆ ಅದನ್ನು ನಾನೇ ಓದಿ ಹೇಳಬೇಕಾಯಿತು. ‘ಒಂಬತ್ತು ವರ್ಷ ಇದ ನೀರ ಕುಡದೀವಿ ಕಾಕಾ, ಏನೂ ಆಗಿಲ್ಲಲ್ಲ?’ ಎಂದು ಆ ಮನೆಯ ಹುಡುಗ ಕೇಳಿದ. ಅಂಗೈ ಅಂಗಾಲಿನ ಚರ್ಮ ಗಂಟುಗಂಟಾಗಿ ಗಡುಸಾಗುವುದು, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಲೆಗಳೇಳುವುದು, ಇವೆಲ್ಲ ಸಾಮಾನ್ಯವಾಗಿ ಐದು ವರ್ಷಕ್ಕೂ ಹೆಚ್ಚು ಕಾಲ ಕುಡಿದ ಮೇಲೆ ಕಾಣಿಸುತ್ತವೆ, ನೀರಿನಲ್ಲಿರುವ ಪ್ರಮಾಣ ಕಡಿಮೆಯಿದ್ದಷ್ಟೂ ತಡವಾಗುತ್ತದೆ ಎಂದು ಹೇಳಿ, ಎಲ್ಲರ ಅಂಗೈಗಳನ್ನೂ ವೈದ್ಯರಿಗೆ ತೋರಿಸಿಕೊಂಡು ಬಂದೆವು. ಸದ್ಯಕ್ಕೆ ಏನೂ ಕಂಡಿಲ್ಲ. ಕುದಿಸಿ ಕುಡಿಯುತ್ತೇವೆಂದು ಮನೆಯ ಹಿರಿಯಾಕೆ ಹೇಳಿದರು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಆರ್ಸೆನಿಕ್ ಉಳಿದು ಇನ್ನಷ್ಟು ಗಾಢವಾಗುತ್ತದೆ ಎಂಬುದನ್ನು ಅವರಿಗೆ ಎರಡು ಸಲ ಹೇಳಬೇಕಾಯಿತು.

ಫಿಲ್ಟರ್ ಮಾರುವವರೊಬ್ಬರು ಸುದ್ದಿ ತಿಳಿದು ಮನೆಗೇ ಬಂದರು. ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ 840 ತೋರಿಸಿ ‘ಇದೇ ವಿಷ’ ಎಂದರು. ಆ ಮೀಟರು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತದ ಅಂದಾಜು ಕೊಡುತ್ತದೆ, ಅದೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. 840ರ ರಾಶಿಯಲ್ಲಿ 0.028 ಅದಕ್ಕೆ ಕಾಣುವುದೇ ಇಲ್ಲ. ಬಳಿಕ ಎರಡು ಕಡ್ಡಿಗಳ ಯಂತ್ರವನ್ನು ಅದ್ದಿ ಕರೆಂಟು ಕೊಟ್ಟು ನೀರನ್ನು ಕಂದು ಕೆಸರು ಮಾಡಿ ತೋರಿಸಿದರು. ಆ ಕೆಸರು ಬಂದದ್ದು ಬಾವಿಯಿಂದಲ್ಲ, ಅವರ ಕಬ್ಬಿಣದ ಕಡ್ಡಿಯಿಂದ. ತಮಾಷೆಯೆಂದರೆ ಇದೇ ತಂತ್ರವನ್ನು ಪ್ರಾಮಾಣಿಕವಾಗಿ ಬಳಸಿದವರೂ ಇದ್ದಾರೆ: ಅಮೆರಿಕದ ಬರ್ಕ್ಲಿಯ ವಿಜ್ಞಾನಿ ಅಶೋಕ್ ಗಾಡ್ಗೀಳ್ ಅವರ ತಂಡ ಕಬ್ಬಿಣದ ಫಲಕಗಳಿಗೆ ವಿದ್ಯುತ್ ಹರಿಸಿ, ಉಂಟಾದ ತುಕ್ಕಿಗೆ ಆರ್ಸೆನಿಕ್ ಅಂಟಿಸಿ ಸೋಸುವ ಘಟಕವನ್ನು ಪಶ್ಚಿಮ ಬಂಗಾಳದ ಧಪಧಪಿಯ ಶಾಲೆಯೊಂದರಲ್ಲಿ ನಡೆಸಿತು. ನನ್ನ ಬಾಟಲಿಯ ತಳದಲ್ಲಿ ತಾನಾಗಿಯೇ ನಡೆದದ್ದೂ ಅದೇ ಕ್ರಿಯೆ.

ಆರ್‌ಒ ಯಂತ್ರ ಆರ್ಸೆನಿಕ್ಕನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ತಡೆದದ್ದೆಲ್ಲ ಹೊರಬಿಡುವ ನೀರಿನಲ್ಲಿ ಸೇರುತ್ತದೆ. ನಮ್ಮಲ್ಲಿ ಆ ನೀರು ಹೋಗುವುದು ಕರಿಬೇವಿನ ಬುಡಕ್ಕೆ, ಇಲ್ಲವೇ ಎಮ್ಮೆಯ ತೊಟ್ಟಿಗೆ. ಜಾನುವಾರುಗಳ ಕುಡಿಯುವ ನೀರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ ಹೇಳುವ ಅಂಕಿ 0.2 ಮಿಲಿಗ್ರಾಂ, ನಮ್ಮ ನೀರು ಅದರ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಎಮ್ಮೆಗಳ ಬಗ್ಗೆ ಚಿಂತೆ ಬಿಟ್ಟೆ. ಕೆರೆಯ ಮೀನನ್ನೂ ಪರೀಕ್ಷಿಸಬಹುದೇ ಎಂದು ಎರಡನೆಯ ಪ್ರಯೋಗಾಲಯವನ್ನು ಕೇಳಿದ್ದೆ. ಒಟ್ಟು ಆರ್ಸೆನಿಕ್ ಮಾತ್ರ ಅಳೆಯಬಲ್ಲೆವು, ಅದರ ರೂಪಗಳನ್ನಲ್ಲ ಎಂದರು. ಮೀನಿನ ಮೈಯಲ್ಲಿರುವ ಆರ್ಸೆನಿಕ್‌ನ ಬಹುಪಾಲು ಅಷ್ಟೇನೂ ವಿಷಕಾರಿಯಲ್ಲದ ಸಾವಯವ ರೂಪದಲ್ಲಿ ಇರಬಹುದಾದ್ದರಿಂದ ಒಟ್ಟು ಅಂಕಿ ದಾರಿ ತಪ್ಪಿಸುತ್ತದೆ. ಪಾದರಸದ ಕಥೆ ಬೇರೆ: ಅದು ಮೀಥೈಲ್ ರೂಪಕ್ಕೆ ತಿರುಗಿ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಮೀನು ತಿನ್ನುವ ಹಕ್ಕಿಗೆ ಏರುತ್ತ ಏರುತ್ತ ಗಾಢವಾಗುತ್ತದೆ, 1956ರಲ್ಲಿ ಜಪಾನಿನ ಮಿನಮಾಟದಲ್ಲಿ ರೋಗ ಬೆಳಕಿಗೆ ಬಂದದ್ದು ಹಾಗೆ. ಬಾರದ ಉತ್ತರಕ್ಕೆ ದುಡ್ಡು ಬೇಡವೆಂದು ಪ್ರಯೋಗಾಲಯದವರೇ ಹೇಳಿದ್ದು ನನಗೆ ಹಿಡಿಸಿತು.

ಐದಕ್ಕೆ ಅಂಕ ಕೊಡುವುದಾದರೆ ಕಿಟ್ಟಿಗೆ ಮೂರು, ಮೊದಲ ಪ್ರಯೋಗಾಲಯಕ್ಕೆ ಒಂದು, ಎರಡನೆಯದಕ್ಕೆ ನಾಲ್ಕು. ಆ ಒಂದು ಅಂಕ ಕೂಡ ಪತ್ತೆಮಿತಿಯನ್ನು ಮರೆಮಾಚದೆ ಟಿಪ್ಪಣಿಯಲ್ಲಾದರೂ ಅಚ್ಚು ಹಾಕಿದ್ದಕ್ಕೆ. ಖರ್ಚು ಹೆಚ್ಚೆನಿಸುವವರು ಮೊದಲು ಜಿಲ್ಲೆಯ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯವನ್ನು ವಿಚಾರಿಸಬಹುದು. ಜಲಜೀವನ್ ಮಿಷನ್ ಅಡಿಯಲ್ಲಿ ಅವು ಕಡಿಮೆ ದರಕ್ಕೆ ಸಾರ್ವಜನಿಕರ ನೀರನ್ನೂ ಪರೀಕ್ಷಿಸುತ್ತವೆ. ಅಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ಆರ್ಸೆನಿಕ್‌ಗೆ ನಿಮ್ಮ ಪತ್ತೆಮಿತಿ ಎಷ್ಟು?

ಮಳೆಗಾಲ ಮುಗಿದ ಮೇಲೆ ಅದೇ ಬಾವಿಯ ನೀರನ್ನು ಎರಡನೆಯ ಪ್ರಯೋಗಾಲಯಕ್ಕೇ ಮತ್ತೆ ಕಳಿಸಿದೆ, 0.021 ಬಂತು. ಈಗ ಆ ನೀರು ಹನಿ ನೀರಾವರಿಗೆ ಮಾತ್ರ. ಕುಡಿಯಲು ಊರಿನ ನಲ್ಲಿಯಿಂದ ದಿನಾ ಎರಡು ಕೊಡ ಸೈಕಲ್ಲಿನ ಮೇಲೆ ಬರುತ್ತದೆ. ಆ ನಲ್ಲಿಯ ನೀರಿಗೂ ಬಾಟಲಿ ತರಿಸಿಟ್ಟಿದ್ದೇನೆ, ಸೋಮವಾರ ಕಳಿಸಬೇಕು.